ಬನದ ಹುಣ್ಣಿಮೆಯ ಪದರ

ಬಾದಾಮಿ ಹತ್ತಿರದ ಚೊಳಚಗುಡ್ಡದ ನಮ್ಮ ಮಂದಿಗೆ ವರ್ಷದ ಲೆಕ್ಕ ಕ್ಯಾಲೆಂಡರಿನಲ್ಲಿಲ್ಲ, ಬನಶಂಕರಿಯ ತೇರಿನಲ್ಲಿದೆ. ಕೂಸು ಹುಟ್ಟಿದ್ದು ತೇರಿಗಿಂತ ಮೊದಲೋ ಆಮೇಲೋ, ಬಾವಿ ತೋಡಿಸಿದ್ದು ಯಾವ ತೇರಿನ ಮುಂದೆ, ಎಲ್ಲವನ್ನೂ ಹಾಗೆಯೇ ಹೇಳುತ್ತಾರೆ. ಪುಷ್ಯ ಮಾಸದ ಹುಣ್ಣಿಮೆ ನಮಗೆ ಬನದ ಹುಣ್ಣಿಮೆ. ಅದರ ಹಿಂದಿನ ದಿನ ಪಲ್ಲೇದ ಹಬ್ಬ. ಅಮ್ಮನಿಗೆ 108 ಬಗೆಯ ಕಾಯಿಪಲ್ಲೆಯ ನೈವೇದ್ಯ. ಹುಣ್ಣಿಮೆಯ ಸಂಜೆ ತೇರು. ಅಲ್ಲಿಂದ ಮುಂದೆ ವಾರಗಟ್ಟಲೆ ನಾಟಕ ಕಂಪನಿಗಳ ಡೇರೆಯಿಂದ ರಾತ್ರಿಯೆಲ್ಲ ಹಾರ್ಮೋನಿಯಂ ಸಪ್ಪಳ. ಹರಿದ್ರಾತೀರ್ಥದ ಹೊಂಡದ ಹತ್ತಿರ ಬುಟ್ಟಿ ಇಟ್ಟುಕೊಂಡು ಕೂತ ಹೆಣ್ಣುಮಕ್ಕಳ ಖಡಕ್ ರೊಟ್ಟಿ, ಝುಣಕ, ಶೇಂಗಾ ಚಟ್ನಿ, ಗಟ್ಟಿ ಮೊಸರು. ನಮ್ಮವ್ವನೂ ಅಂಥದೊಂದು ಬುಟ್ಟಿ ಹೊತ್ತು ನಮ್ಮನ್ನು ಬೆಳೆಸಿದವಳು.

ನಾನು 1988ರಲ್ಲಿ ಬೆಳಗಾವಿಗೆ ಹೋಗಿ ಫೌಜಿಗೆ ಸೇರಿದೆ. 22 ವರ್ಷದ ನೌಕರಿಯಲ್ಲಿ ಊರ ತೇರು ನೋಡಿದ್ದು ನಾಲ್ಕೇ ಸಲ. ಆದರೂ ಬನದ ಹುಣ್ಣಿಮೆ ಎಂದರೆ ನನ್ನ ಕಣ್ಣಿಗೆ ಮೊದಲು ಬರುವುದು ಊರಲ್ಲ. 2005ರ ಜನವರಿ 25ರ ರಾತ್ರಿ, ಉತ್ತರ ಕಾಶ್ಮೀರದಲ್ಲಿ 11,000 ಅಡಿ ಎತ್ತರದ ಒಂದು ಸಣ್ಣ ಚೌಕಿ, ಅದರ ಮುಂದಿನ ಬಿಳಿ ಇಳಿಜಾರು.

ಆ ರಾತ್ರಿ ಗಾಳಿ ಸತ್ತುಹೋಗಿತ್ತು. ಮುಗಿಲಿನಲ್ಲಿ ಒಂದು ಚೂರು ಮೋಡವಿರಲಿಲ್ಲ. ಪಹರೆ ಬದಲಿಸಲು ಹೊರಬಂದಾಗ ಹಿಮದ ಮೇಲೆಲ್ಲ ಯಾರೋ ಕಾಗೆಬಂಗಾರ ಚೆಲ್ಲಿದಂತೆ ಹೊಳೆಯುತ್ತಿತ್ತು. ಬಗ್ಗಿ ನೋಡಿದೆ. ಉಗುರಿನಷ್ಟುದ್ದದ ಹಿಮದ ಗರಿಗಳು, ಒಂದೊಂದೂ ಹಕ್ಕಿಯ ಮರಿಯ ಪುಕ್ಕದಂತೆ, ನೆಟ್ಟಗೆ ನಿಂತಿದ್ದವು. ಮುಟ್ಟಿದರೆ ಸಣ್ಣಗೆ ಗಿಲಿಗಿಲಿ ಎಂದು ಮುರಿಯುತ್ತಿದ್ದವು. ನನ್ನ ಜೊತೆ ಪಹರೆಗಿದ್ದವನು ಇಳಕಲ್ಲಿನ ಹುಡುಗ, ನೇಕಾರರ ಮನೆಯವನು. “ಉಸ್ತಾದ್, ಊರಾಗ ಈಗ ತೇರು ಎಳದು ಮುಗಿದಿರತೈತ್ರಿ” ಅಂದ. ಇಬ್ಬರೂ ದಕ್ಷಿಣಕ್ಕೆ ತಿರುಗಿ ಕೈಮುಗಿದೆವು. ಮರುದಿನ ಅವ್ವನಿಗೆ ಕಾಗದ ಬರೆದೆ: ಇಲ್ಲಿಯೂ ಬನಶಂಕರಿ ಬಂದಿದ್ದಳು, ಗುಡ್ಡಕ್ಕೆಲ್ಲ ಬೆಳ್ಳಿ ಗರಿ ಮುಡಿಸಿ ಹೋಗಿದ್ದಾಳೆ ಎಂದು.

ಆ ಗರಿಗಳೇನೆಂದು ನನಗೆ ಗೊತ್ತಿರಲಿಲ್ಲವೆಂದಲ್ಲ. ಗೊತ್ತಿತ್ತು. ಗೊತ್ತಿದ್ದೂ ಆ ಚೆಲುವನ್ನು ಬೇರೆ, ನಾನು ಕಲಿತದ್ದನ್ನು ಬೇರೆ ಇಟ್ಟೆ. ಈ ಬರಹವನ್ನು ಬರೆಯಬೇಕೆನ್ನಿಸಿದ್ದು ಅದಕ್ಕೇ.

ಹಿಮ ಓದುವುದನ್ನು ನಾನು ಕಲಿತದ್ದು ಗುಲ್ಮರ್ಗಿನಲ್ಲಿ. ಅಲ್ಲಿ 1948ರಲ್ಲಿ ಶುರುವಾದ ಸೇನೆಯ ಎತ್ತರದ ಪ್ರದೇಶದ ಯುದ್ಧ ಶಾಲೆ ಇದೆ. ಬಯಲುಸೀಮೆಯ ನಮ್ಮಂಥವರಿಗೆ ಹಿಮವೆಂದರೆ ಮೇಲಿಂದ ಬೀಳುವ ಒಂದೇ ಬಿಳಿ ವಸ್ತು. ಶಿಕ್ಷಕರು ಮೊದಲ ದಿನವೇ ಕೈಗೆ ಸಲಿಕೆ ಕೊಟ್ಟು ನೆಲ ಮುಟ್ಟುವವರೆಗೆ ಕುಣಿ ತೋಡಿಸಿದರು. ಕುಣಿಯ ಗೋಡೆಯನ್ನು ನಯವಾಗಿ ಕೆರೆದು, ಬ್ರಶ್ಶಿನಿಂದ ಮೆಲ್ಲಗೆ ಸವರಿದಾಗ ಗೋಡೆಯ ಮೇಲೆ ಗೆರೆಗಳು ಎದ್ದುಬಂದವು. ಒಂದು ಗಟ್ಟಿ ಪದರ, ಕೆಳಗೊಂದು ಮೆತ್ತನೆಯದು, ನಡುವೆ ಗಾಜಿನಂಥ ತೆಳು ಬರೆ. ನನಗೆ ಥಟ್ಟನೆ ನೆನಪಾದದ್ದು ಬಾದಾಮಿಯ ಕೆಂಪು ಬಂಡೆ. ಅಗಸ್ತ್ಯತೀರ್ಥದ ದಂಡೆಗೆ ನಿಂತು ಮೇಣಬಸದಿಯ ಕಡೆ ನೋಡಿದರೆ ಬಂಡೆಯ ಮೈಮೇಲೆ ಇಂಥವೇ ಗೆರೆಗಳು. ಹಳೆಯ ಕಾಲದ ನೀರು ತಂದು ಹಾಸಿದ ಉಸುಕು ಪದರ ಪದರವಾಗಿ ಕಲ್ಲಾದದ್ದು. ಬಾದಾಮಿಯ ಬಂಡೆ ಕೋಟಿಗಟ್ಟಲೆ ವರ್ಷ ತೆಗೆದುಕೊಂಡು ಬರೆದದ್ದನ್ನು ಹಿಮ ನಾಲ್ಕು ತಿಂಗಳಲ್ಲಿ ಬರೆಯುತ್ತದೆ. ಆದರೆ ಕಲ್ಲಿನ ಪದರ ಕೂತಲ್ಲಿ ಕೂತುಬಿಟ್ಟಿದೆ. ಹಿಮದ ಪದರ ಬಿದ್ದ ಮೇಲೂ ಒಳಗೊಳಗೇ ಬದಲಾಗುತ್ತಿರುತ್ತದೆ.

ಆ ಬದಲಾವಣೆ ಹೇಗೆಂದು ಹೇಳುತ್ತೇನೆ. ಚಳಿಗಾಲದ ಆರಂಭದಲ್ಲಿ ಹಿಮ ತೆಳುವಾಗಿರುತ್ತದೆ. ಕೆಳಗೆ ನೆಲದ ಬಿಸುಪು ಸೊನ್ನೆ ಡಿಗ್ರಿಯ ಹತ್ತಿರ. ಮೇಲೆ ಕೊರೆಯುವ ಗಾಳಿ ಸೊನ್ನೆಗಿಂತ ಬಹಳ ಕೆಳಗೆ. ಅಷ್ಟು ಸಣ್ಣ ದಪ್ಪದಲ್ಲಿ ಅಷ್ಟು ದೊಡ್ಡ ಅಂತರವಿದ್ದಾಗ ಕೆಳಗಿನ ಆವಿ ಮೇಲೇರುತ್ತ ಹಿಮದ ಕಾಳುಗಳ ಆಕಾರವನ್ನೇ ತಿದ್ದುತ್ತದೆ. ದುಂಡಗಿನ ಕಾಳು ಮೂಲೆಮೂಲೆಯಾದ ಹರಳಾಗುತ್ತದೆ. ಅಂಗೈಯಲ್ಲಿ ಹಿಡಿದರೆ ಥೇಟು ಸಕ್ಕರೆ. ಎಷ್ಟು ಹಿಸುಕಿದರೂ ಉಂಡೆ ಕಟ್ಟುವುದಿಲ್ಲ. ಇದರ ಮೇಲೆ ಮುಂದಿನ ತಿಂಗಳುಗಳ ಭಾರವೆಲ್ಲ ಕೂರುತ್ತದೆ. ಇನ್ನೊಂದು ದುರ್ಬಲ ಪದರ ಹುಟ್ಟುವುದು ಮೇಲ್ಮೈಯಲ್ಲಿ. ಮೋಡವಿಲ್ಲದ, ಗಾಳಿಯಿಲ್ಲದ ರಾತ್ರಿ ಹಿಮದ ಮೈ ತನ್ನ ಕಾವನ್ನೆಲ್ಲ ಮುಗಿಲಿಗೆ ಬಿಟ್ಟುಕೊಟ್ಟು ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ. ಗಾಳಿಯಲ್ಲಿದ್ದ ತೇವ ಅದರ ಮೇಲೆ ಗರಿಗರಿಯಾಗಿ ಬೆಳೆಯುತ್ತದೆ. ನಮ್ಮ ಹೊಲದಲ್ಲಿ ಬೀಳುವ ಇಬ್ಬನಿಯ ಅಣ್ಣ ಅದು. ಬಿಸಿಲು ಬಂದರೆ ಕರಗಿ ಹೋಗುತ್ತದೆ, ಗಾಳಿ ಬಂದರೆ ಮುರಿದು ಹೋಗುತ್ತದೆ. ಎರಡೂ ಬಾರದೆ ಅದರ ಮೇಲೆ ಹೊಸ ಹಿಮ ಬಿದ್ದರೆ ಮಾತ್ರ ಆ ಗರಿಗಳು ನಿಂತಲ್ಲೇ ಹೂತುಹೋಗಿ ವಾರಗಟ್ಟಲೆ ಕಾಯುತ್ತವೆ.

ಕಣದಲ್ಲಿ ಜೋಳದ ರಾಶಿ ಮಾಡಿದವರಿಗೆ ಇಳಿಜಾರಿನ ಮಾತು ಬೇಗ ತಿಳಿಯುತ್ತದೆ. ರಾಶಿ ಒಂದು ಓರೆಯವರೆಗೆ ನಿಲ್ಲುತ್ತದೆ, ಆಮೇಲೆ ಮೊರದಿಂದ ಸುರಿದಷ್ಟೂ ಜಾರುತ್ತದೆ. ಹಿಮಕುಸಿತಗಳಲ್ಲಿ ಹೆಚ್ಚಿನವು ಆಗುವುದು 30ರಿಂದ 45 ಡಿಗ್ರಿ ಓರೆಯ ಇಳಿಜಾರಿನಲ್ಲಿ. ಅದಕ್ಕಿಂತ ಕಡಿದಾದಲ್ಲಿ ಹಿಮ ನಿಲ್ಲದೆ ಆಗಾಗ ಉದುರಿಬಿಡುತ್ತದೆ; ಸಪಾಟಿನಲ್ಲಿ ಜಾರುವುದಿಲ್ಲ. ನಡುವಿನ ಓರೆಯಲ್ಲಿ ಅದು ನಿಂತಂತೆಯೂ ಇರುತ್ತದೆ, ನಿಂತಿರುವುದೂ ಇಲ್ಲ. ಆದರೆ ರಾಶಿಯ ಹೋಲಿಕೆ ಇಲ್ಲಿಗೆ ಮುಗಿಯುತ್ತದೆ. ಕಾಳು ಕಾಳಾಗಿ ಜಾರುವ ಹಿಮ ಅಷ್ಟು ಕೊಲ್ಲುವುದಿಲ್ಲ. ಗಾಳಿ ಒತ್ತಿ ಒತ್ತಿ ಗಟ್ಟಿ ಮಾಡಿದ ಮೇಲಿನ ಪದರ, ಒಳಗಿನ ಸಕ್ಕರೆಯೋ ಗರಿಯೋ ಒಂದೆಡೆ ಕುಸಿದೊಡನೆ, ಇಡೀ ಮಾಳಿಗೆಯೇ ಕಿತ್ತುಬಂದಂತೆ ಹಾಸುಹಾಸಾಗಿ ಬಿಟ್ಟುಕೊಳ್ಳುತ್ತದೆ. ಮನುಷ್ಯರನ್ನು ಒಯ್ಯುವುದು ಬಹುಪಾಲು ಇದೇ.

ಡಿಸೆಂಬರಿನಲ್ಲಿ ನಮ್ಮ ಚೌಕಿಯ ಬಳಿ ಹುಡುಗರಿಗೆ ತೋರಿಸಲೆಂದು ಕುಣಿ ತೋಡಿಸಿದ್ದೆ. ಎಲ್ಲರಿಗಿಂತ ಮೊದಲು ಅದರಲ್ಲಿ ಇಳಿದು ಕೂತವನು ಇಳಕಲ್ಲಿನ ಹುಡುಗ. ಅವನಿಗೆ ಕುಣಿ ಹೊಸದಲ್ಲ. ಅವನ ಅಪ್ಪ, ಅಜ್ಜ ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ಬಾಳುವೆ ಮಾಡಿದವರು. ತಳದ ಸಕ್ಕರೆಹಿಮವನ್ನು ಬೆರಳಿನಿಂದ ಕೆದರಿದ. ಮೇಲಿನ ಪದರ ಅಂಚಿನಲ್ಲಿ ತೂಗಾಡಿತು. “ಇಲ್ಲಿ ಕೊಂಡೀನ ಬಿದ್ದಿಲ್ರಿ ಉಸ್ತಾದ್” ಅಂದ.

ಇಳಕಲ್ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲಿನ ಎಳೆಗೆ ಸೆರಗಿನ ಎಳೆಯನ್ನು ಒಂದರೊಳಗೊಂದು ಕುಣಿಕೆಯಾಗಿ ಸಿಕ್ಕಿಸುವುದೇ ಕೊಂಡಿ. ಅದಕ್ಕೇ ಒಂದು ಸೀರೆಗೆ ಒಂದು ಹಾಸು. ಹತ್ತು ಸೀರೆಯ ಹಾಸನ್ನು ಒಮ್ಮೆಗೇ ಸುತ್ತಿಟ್ಟುಕೊಳ್ಳಲು ಬರುವುದಿಲ್ಲ. ಕೊಂಡಿ ಬೀಳದಿದ್ದರೆ ಸೆರಗು ಎಷ್ಟು ಚೆಂದವಿದ್ದರೂ ಒಡಲಿಗೆ ನಿಲ್ಲದು. ಗುಲ್ಮರ್ಗಿನಲ್ಲಿ ಆರು ವಾರ ಕಲಿತದ್ದನ್ನು ಆ ಹುಡುಗ ಒಂದು ಮಾತಿನಲ್ಲಿ ಹೇಳಿದ್ದ. ಅಂದಿನಿಂದ ನಮ್ಮ ತುಕಡಿಯಲ್ಲಿ ಅದೇ ಮಾತು ರೂಢಿಯಾಯಿತು. ಮರಾಠಿ ಹುಡುಗರೂ ಕುಣಿ ತೋಡಿದಾಗ “ಕೊಂಡಿ ಹೇಗಿದೆ?” ಎಂದು ಕೇಳುತ್ತಿದ್ದರು.

ಹುಣ್ಣಿಮೆಯಾದ ಮೇಲೆ ನಾಲ್ಕು ದಿನ ಅದೇ ಶಾಂತ ಚಳಿ. ಆಮೇಲೆ ಗಾಳಿಯಿಲ್ಲದೆ ತೆಳುವಾಗಿ ಹಿಮ ಬಿತ್ತು. ಫೆಬ್ರವರಿ ಹುಟ್ಟುತ್ತಲೇ ಬಿರುಗಾಳಿ ಸಮೇತ ಮೂರು ಹಗಲು ಮೂರು ರಾತ್ರಿ ಬಿಡದೆ ಸುರಿಯಿತು. ಸೊಂಟದವರೆಗೆ ಹೊಸ ಹಿಮ. ಎಚ್ಚರಿಕೆಯ ಸಂದೇಶ ಬಂದಿತ್ತು, ಯಾರೂ ಅಲುಗಬೇಡಿ ಎಂದು. ಅಲುಗಲಿಲ್ಲ. ಮನಾಲಿಯಲ್ಲಿ 1969ರಲ್ಲಿ ಹುಟ್ಟಿದ ಹಿಮ ಮತ್ತು ಹಿಮಕುಸಿತ ಅಧ್ಯಯನ ಸಂಸ್ಥೆಯ ವಿಜ್ಞಾನಿಗಳು ಹವಾಮಾನ ನೋಡಿ, ವೀಕ್ಷಣಾ ಕೇಂದ್ರಗಳ ಅಳತೆ ನೋಡಿ ಕಣಿವೆ ಕಣಿವೆಗೆ ಅಪಾಯ ಎಷ್ಟೆಂದು ತಿಳಿಸುತ್ತಿದ್ದರು. ಅವರ ಮಾತಿನಿಂದ ಉಳಿದ ಜೀವಗಳಿಗೆ ಲೆಕ್ಕವಿಲ್ಲ. ಆದರೆ ಕಣಿವೆಯ ಮಾತು ಅವರದು. ಕಾಲಿಡುವ ಇಳಿಜಾರಿನ ಮಾತು ಕಾಲಿಡುವವನದೇ.

ಮುಗಿಲು ತಿಳಿಯಾದ ಮೂರನೆಯ ದಿನ ಕೆಳಗಿನ ಚೌಕಿಗೆ ಹೋಗಬೇಕಾಯಿತು. ಸೀಮೆಎಣ್ಣೆ ಮುಗಿಯುತ್ತ ಬಂದಿತ್ತು. ಆರು ಜನ, ಮುಖಂಡ ನಾನು. ಹೊರಡುವ ಮುನ್ನ ಚೌಕಿಯ ಪಕ್ಕದ ಇಳಿಜಾರಿನಲ್ಲಿ ಕುಣಿ ತೋಡಿಸಿದೆ. ಒಂದಡಿ ಅಗಲ ಒಂದಡಿ ಉದ್ದದ ಹಿಮದ ಕಂಬ ಬಿಡಿಸಿ, ಮೇಲೆ ಸಲಿಕೆ ಇಟ್ಟು, ಮಣಿಕಟ್ಟಿನಿಂದ ಹತ್ತು ಪೆಟ್ಟು, ಮೊಣಕೈಯಿಂದ ಹತ್ತು, ಭುಜದಿಂದ ಹತ್ತು. ಮೊದಲ ಹತ್ತರಲ್ಲೇ ಕಂಬ ಜಾರಿದರೆ ಹಿಮ ಬಹಳ ಅಸ್ಥಿರ. ನಮ್ಮದು 30 ಪೆಟ್ಟಿಗೂ ಜಾರಲಿಲ್ಲ. “ಕೊಂಡಿ ಗಟ್ಟಿ ಐತಿ” ಎಂದು ನಾನೇ ಹೇಳಿದೆ.

ಆ ಇಳಿಜಾರು ದಕ್ಷಿಣಕ್ಕೆ ಮುಖ ಮಾಡಿತ್ತು. ಹುಣ್ಣಿಮೆಯ ಗರಿಗಳನ್ನು ಅಲ್ಲಿ ಮರುದಿನದ ಬಿಸಿಲೇ ಕರಗಿಸಿತ್ತು. ಅರ್ಧ ತಾಸಿನ ಮೇಲೆ ನಾವು ದಾಟಬೇಕಿದ್ದ ಕೊರಕಲು ಉತ್ತರಕ್ಕೆ ಮುಖ ಮಾಡಿತ್ತು. ಜನವರಿಯಲ್ಲಿ ಅಲ್ಲಿಗೆ ಬಿಸಿಲು ಇಣುಕುವುದೇ ಇಲ್ಲ. ಮೇಲಾಗಿ ಬಿರುಗಾಳಿ ದಿಬ್ಬದ ಆಚೆಯ ಹಿಮವನ್ನೂ ಗುಡಿಸಿ ತಂದು ಅದೇ ಮಗ್ಗುಲಿಗೆ ಪೇರಿಸಿತ್ತು. ಒಂದು ಇಳಿಜಾರಿಗೆ ಕೇಳಿದ ಪ್ರಶ್ನೆಯ ಉತ್ತರವನ್ನು ನಾನು ಇನ್ನೊಂದಕ್ಕೆ ಒಯ್ದೆ.

ಒಬ್ಬೊಬ್ಬರಾಗಿ ದಾಟಲು ಹೇಳಿದೆ. ಎಲ್ಲರ ಸೊಂಟದಿಂದ ಕೆಂಪು ದಾರ ಹಿಂದೆ ಎಳೆಯುತ್ತಿತ್ತು. ಹಿಮದಲ್ಲಿ ಹೂತರೆ ಹಗುರಾದ ಆ ದಾರದ ತುದಿಯಾದರೂ ಮೇಲೆ ಉಳಿಯಲಿ ಎಂದು ಕಟ್ಟಿಕೊಳ್ಳುವ ದಾರ. ಮೊದಲಿಬ್ಬರು ದಾಟಿದರು. ಮೂರನೆಯವನು, ಸಾತಾರಾ ಕಡೆಯ ನಾಯಕ್, ನಡುವೆ ಇದ್ದ. ನಾಲ್ಕನೆಯವನು ಇಳಕಲ್ಲಿನ ಹುಡುಗ. ಅಂಚಿನಲ್ಲಿ ಹೆಜ್ಜೆ ಇಟ್ಟಿದ್ದ. ಆಗ ಸಪ್ಪಳ ಕೇಳಿತು. ನಮ್ಮ ಕಡೆ ಕಾಳು ತುಂಬಿಡುವ ಹಗೇವಿನ ಮುಚ್ಚಳದ ಮೇಲೆ ಭಾರದ ಮನುಷ್ಯ ಕಾಲಿಟ್ಟರೆ ನೆಲದೊಳಗಿಂದ ಬರುತ್ತದಲ್ಲ, ಆ ಟೊಳ್ಳು ಸಪ್ಪಳ. ತಲೆಯ ಮೇಲೆ ಬಹಳ ಎತ್ತರದಲ್ಲಿ ಕತ್ತಿಯಿಂದ ಗೀರಿದಂತೆ ಒಂದು ಗೆರೆ ಓಡಿತು. ಕೆಳಗಿನದೆಲ್ಲ ಹಾಸುಗಲ್ಲು ಒಡೆದಂತೆ ಚೂರುಚೂರಾಗಿ, ಆಮೇಲೆ ಹೊಗೆಯಾಗಿ, ಕಣ್ಣ ಮುಂದಿಂದ ಇಳಿದುಹೋಯಿತು. ಉಸಿರು ಹತ್ತು ಸಲ ಆಡುವಷ್ಟರಲ್ಲಿ ಎಲ್ಲ ಮುಗಿದು ಕಣಿವೆ ಮೊದಲಿನಷ್ಟೇ ಶಾಂತವಾಯಿತು.

ಹಿಮದಡಿ ಹೂತವರ ಬಗ್ಗೆ ಸ್ವಿಟ್ಜರ್ಲೆಂಡಿನವರು ತಮ್ಮ ದಾಖಲೆಗಳಿಂದ ತೆಗೆದ ಲೆಕ್ಕವೊಂದಿದೆ. ಕಾಲು ತಾಸಿನೊಳಗೆ ಹೊರತೆಗೆದರೆ ಹತ್ತರಲ್ಲಿ ಒಂಬತ್ತು ಜನ ಉಳಿಯುತ್ತಾರೆ. 35 ನಿಮಿಷವಾದರೆ ಹತ್ತರಲ್ಲಿ ಮೂವರು. ಚಳಿಗಿಂತ ಮೊದಲು ಕೊಲ್ಲುವುದು ಉಸಿರು. ಹರಿದುಬಂದು ನಿಂತ ಹಿಮ ಸಿಮೆಂಟಿನಂತೆ ಬಿಗಿಯುತ್ತದೆ, ಬೆರಳು ಆಡಿಸಲೂ ಬಿಡುವುದಿಲ್ಲ. ಬಿಟ್ಟ ಉಸಿರೇ ಬಾಯ ಮುಂದೆ ಹೆಪ್ಪುಗಟ್ಟಿ ಗಾಳಿಯ ದಾರಿ ಮುಚ್ಚುತ್ತದೆ. ಕಾಲು ತಾಸಿನಲ್ಲಿ ಎಲ್ಲಿಂದಲೂ ಯಾರೂ ಬಂದು ಮುಟ್ಟಲಾರರು. ಪಕ್ಕದಲ್ಲಿದ್ದವನ ಸಲಿಕೆಯೇ ಗತಿ.

ಇಳಕಲ್ಲಿನ ಹುಡುಗನ ಕೆಂಪು ದಾರ ಮೊಳದಷ್ಟು ಮೇಲಿತ್ತು. ಹನ್ನೆರಡು ನಿಮಿಷಕ್ಕೆ ಅವನ ಮುಖ ಸಿಕ್ಕಿತು. ತುಟಿ ನೀಲಿಯಾಗಿತ್ತು, ಬಾಯೊಳಗಿನ ಹಿಮ ತೆಗೆದೊಡನೆ ಕೆಮ್ಮಿದ. ನಾಯಕನ ದಾರ ಎಲ್ಲೂ ಕಾಣಲಿಲ್ಲ. ಸಲಾಕೆ ಚುಚ್ಚುತ್ತ ಹೆಜ್ಜೆ ಹೆಜ್ಜೆಗೆ ಹುಡುಕಿದೆವು. ಅವನು ಸಿಕ್ಕಾಗ 50 ನಿಮಿಷವಾಗಿತ್ತು. ಎದೆ ಒತ್ತಿದೆವು, ಉಸಿರು ಊದಿದೆವು, ಕತ್ತಲಾಗುವವರೆಗೂ ಬಿಡಲಿಲ್ಲ. ಅವನು ಏಳಲಿಲ್ಲ.

ಎರಡು ದಿನದ ನಂತರ ಗೆರೆ ಬಿಟ್ಟ ಜಾಗಕ್ಕೆ ಮಗ್ಗುಲಿನ ಬಂಡೆ ಹಿಡಿದು ಹತ್ತಿ ಹೋದೆ. ಒಡೆದ ಗೋಡೆ ನನ್ನ ಎದೆಯೆತ್ತರ ನಿಂತಿತ್ತು. ಬ್ರಶ್ಶಿನಿಂದ ಸವರಿದೆ. ತಳದಲ್ಲಿ ಬೂದುಬಣ್ಣದ ಒಂದು ಸಣ್ಣ ಗೆರೆ, ಬೆರಳಿನಷ್ಟೂ ದಪ್ಪವಿಲ್ಲ. ಕನ್ನಡಕ ಹತ್ತಿರ ಹಿಡಿದು ನೋಡಿದೆ. ಗರಿಗಳು. ಹೂತಲ್ಲೇ ನೆಟ್ಟಗೆ ನಿಂತಿದ್ದವು, ಬನದ ಹುಣ್ಣಿಮೆಯ ರಾತ್ರಿ ನಾನು ಮುಟ್ಟಿ ಹರ್ಷಪಟ್ಟಿದ್ದ ಅವೇ ಗರಿಗಳು.

ವಿಚಾರಣೆಯಾಯಿತು. ನನ್ನ ತಪ್ಪೆಂದು ಯಾರೂ ಬರೆಯಲಿಲ್ಲ. ಪರೀಕ್ಷೆ ಮಾಡಿದ್ದೆ, ಅಂತರ ಬಿಟ್ಟು ದಾಟಿಸಿದ್ದೆ, ದಾರ ಕಟ್ಟಿಸಿದ್ದೆ. ಕಾಗದದ ಮೇಲೆ ಎಲ್ಲವೂ ಸರಿಯಿತ್ತು. ನಾಯಕನ ಊರಿಗೆ ಪೆಟ್ಟಿಗೆಯ ಜೊತೆ ಹೋದವನು ನಾನೇ. ಅವನ ತಾಯಿ ಏನನ್ನೂ ಕೇಳಲಿಲ್ಲ. ಕೇಳಿದ್ದರೆ ಉತ್ತರ ನನ್ನಲ್ಲಿತ್ತು.

ಅದೇ ಫೆಬ್ರವರಿಯಲ್ಲಿ ಕಾಶ್ಮೀರದಲ್ಲೆಲ್ಲ ಬಹಳ ವರ್ಷಗಳಿಂದ ಕಾಣದಂಥ ಹಿಮ ಬಿತ್ತು. ದಕ್ಷಿಣ ಕಾಶ್ಮೀರದ ವಾಲ್ಟೆಂಗೂ ನಾಡ್ ಎಂಬ ಹಳ್ಳಿ ಹಿಮಕುಸಿತದಲ್ಲಿ ಹೂತು 150ಕ್ಕೂ ಹೆಚ್ಚು ಜನ ಸತ್ತರು. ಕುರಿ ಕಾಯುವವರು, ಸಣ್ಣ ರೈತರು, ಮಕ್ಕಳು. ಹಿಮ ಸೈನಿಕರನ್ನಷ್ಟೇ ಕೊಲ್ಲುವುದಿಲ್ಲ ಎಂಬುದನ್ನು ದೂರದಲ್ಲಿರುವ ನಾವು ಮರೆಯುತ್ತೇವೆ.

2010ರಲ್ಲಿ ನಿವೃತ್ತಿಯಾಗಿ ಊರಿಗೆ ಬಂದೆ. ಹಿಮದ ಮಾತು ಯಾರ ಮುಂದೂ ಎತ್ತಿರಲಿಲ್ಲ. 2016ರ ಫೆಬ್ರವರಿ ಅದನ್ನು ಊರಿನ ಕಟ್ಟೆಗೇ ತಂದಿತು. ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ 19,600 ಅಡಿ ಎತ್ತರದ ಸೋನಂ ಚೌಕಿಯ ಮೇಲೆ ಹಿಮದ ಗೋಡೆ ಕುಸಿದು ಮದ್ರಾಸ್ ರೆಜಿಮೆಂಟಿನ ಹತ್ತು ಸೈನಿಕರು ಹೂತುಹೋದರು. ಅವರಲ್ಲಿ ಮೂವರು ಕರ್ನಾಟಕದವರು. ಆರನೆಯ ದಿನ, 8ರ ರಾತ್ರಿ, 25 ಅಡಿಗೂ ಆಳದಿಂದ ಒಬ್ಬ ಜೀವಂತ ಸಿಕ್ಕ: ಧಾರವಾಡ ಜಿಲ್ಲೆ ಕುಂದಗೋಳ ತಾಲ್ಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ.

ಮೂರು ದಿನ ನಮ್ಮೂರಲ್ಲಿ ಬೇರೆ ಮಾತಿರಲಿಲ್ಲ. ಬನಶಂಕರಿಗೆ ಎಣ್ಣೆದೀಪ ಹಚ್ಚಿದವರು, ಮಸೀದಿಯಲ್ಲಿ ದುವಾ ಮಾಡಿದವರು, ಶಾಲೆಯ ಮಕ್ಕಳು. ಹೊಟೇಲಿನ ಕಟ್ಟೆಯ ಮೇಲೆ ಎಲ್ಲರೂ ನನ್ನನ್ನು ಹಿಡಿದು ಕೂಡಿಸಿಕೊಂಡು ಕೇಳಿದರು: “ಆರು ದಿನ ಹೆಂಗ ಉಳದಾನ ಕಾಕಾ? ಕಾಲು ತಾಸು ಅಂತಾರಲ್ಲ?” ಗುಡಾರದೊಳಗೆ ಗಾಳಿಗೆ ಒಂದಿಷ್ಟು ಎಡೆ ಉಳಿದಿತ್ತು; ಮುಖದ ಮುಂದೆ ಎಡೆಯಿದ್ದರೆ ಕಾಲು ತಾಸಿನ ಲೆಕ್ಕ ಬದಲಾಗುತ್ತದೆ; ಉಳಿದದ್ದು ಅವನ ಮೈಯ ಗಟ್ಟಿತನ ಎಂದೆ. ಸೋನಂನಲ್ಲಿ ಬಿದ್ದದ್ದು ನಾವು ಕಂಡಂಥ ಪದರದ ಹಿಮವಲ್ಲ. ಹಿಮನದಿಯದೇ ಗೋಡೆ, ಕಲ್ಲಿನಂತೆ ಗಟ್ಟಿ. ಕೊರೆಯುವ ಯಂತ್ರಗಳನ್ನು ಅಷ್ಟೆತ್ತರಕ್ಕೆ ಒಯ್ದು, ಮೈನಸ್ ಡಿಗ್ರಿಗಳಲ್ಲಿ ಹಗಲಿರುಳು ಅಗೆದವರ, ವಾಸನೆ ಹಿಡಿದು ಹುಡುಕಿದ ಡಾಟ್ ಮತ್ತು ಮಿಶಾ ಎಂಬ ನಾಯಿಗಳ ಕೆಲಸವನ್ನು ನಾನು ಬಲ್ಲೆ. ಐದು ದಿನದ ಮೇಲೂ ಸಲಿಕೆ ಕೆಳಗಿಡದವರು ಅವರು.

11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಹನುಮಂತಪ್ಪ ತೀರಿಕೊಂಡರು. ಮರುದಿನ ಬೆಟದೂರಿನಲ್ಲಿ ಮಣ್ಣು. ನಾನೂ ಹೋಗಿದ್ದೆ. ಆ ಜನಸಾಗರದಲ್ಲಿ ಪೆಟ್ಟಿಗೆಯ ಹತ್ತಿರ ಹೋಗಲಾಗಲಿಲ್ಲ. ದೂರದ ಹೊಲದ ಬದುವಿನ ಮೇಲೆ ನಿಂತು, ಕರಿಮಣ್ಣಿನಲ್ಲಿ ಹುಟ್ಟಿದವರನ್ನು ಬಿಳಿಮಣ್ಣು ಹೀಗೆ ಒಯ್ಯುತ್ತದಲ್ಲ ಎಂದು ಅತ್ತೆ. ಸಾತಾರಾದ ನಾಯಕನಿಗೆ ಅಳಲಾಗದೆ ಉಳಿದಿದ್ದ ಅಳು ಅದರಲ್ಲಿತ್ತು.

ಬೆಟದೂರಿನಿಂದ ನೇರ ಊರಿಗೆ ಬರಲಿಲ್ಲ. ಇಳಕಲ್ಲಿಗೆ ಹೋದೆ. ಹುಡುಗ ಈಗ ಹುಡುಗನಲ್ಲ. ಬೆರಳಿಗೆ ಹಿಮದ ಹುಣ್ಣಾಗಿ ಫೌಜಿನಿಂದ ಬೇಗ ಬಿಡುಗಡೆಯಾಗಿ, ಅಪ್ಪನ ಕುಣಿಮಗ್ಗಕ್ಕೆ ಇಳಿದಿದ್ದ. ಎಡಗೈಯ ಎರಡು ಬೆರಳ ತುದಿ ಇಲ್ಲ. ಉಳಿದವು ಎಳೆ ಹಿಡಿಯಲು ಕಲಿತುಕೊಂಡಿದ್ದವು. ಟಿ.ವಿ.ಯ ಸುದ್ದಿ ಅವನೂ ನೋಡಿದ್ದ. ಆ ಮಾತು ಇಬ್ಬರೂ ಎತ್ತಲಿಲ್ಲ. ಮಗ್ಗದ ಮೇಲೆ ಒಡಲು ಮುಗಿದು ಸೆರಗಿಗೆ ಕೂಡಿಸುವ ಹೊತ್ತಾಗಿತ್ತು. ಕೆಂಪು ಎಳೆಗಳು ಕಾಯುತ್ತಿದ್ದವು.

“ನೀವೂ ಒಂದು ಹಾಕ್ರಿ ಉಸ್ತಾದ್” ಎಂದು ಪಕ್ಕಕ್ಕೆ ಸರಿದ. ತೋರಿಸಿದಂತೆ ಒಂದೆಳೆಯೊಳಗೆ ಇನ್ನೊಂದನ್ನು ತೂರಿಸಿ ತಿರುವಿದೆ. ಅವನು ನನ್ನ ಕೊಂಡಿಯನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಜಗ್ಗಿದ. ಬಿಚ್ಚಿಬಂತು. ಏನೂ ಅನ್ನದೆ ತಾನೇ ಮತ್ತೆ ತಿರುವಿದ, ಮತ್ತೆ ಜಗ್ಗಿ ನೋಡಿದ. ನಿಂತಿತು. ಆಮೇಲೆ ಅದರ ಪಕ್ಕದ ಎಳೆಗೆ ಹೋದ. ಅದನ್ನೂ ತಿರುವಿ ಅದನ್ನೂ ಜಗ್ಗಿ ನೋಡಿದ. ಹಿಂದಿನದು ನಿಂತಿತೆಂದು ಮುಂದಿನದನ್ನು ಒಮ್ಮೆಯೂ ಹಾಗೇ ಬಿಡಲಿಲ್ಲ. ಕತ್ತಲಾಗಿ ದೀಪ ಹಚ್ಚುವವರೆಗೂ ನಾನು ಅವನ ಕೈ ನೋಡುತ್ತ ಕೂತಿದ್ದೆ.